ಗೋದಾಮಿನ ರಾಶಿಯ ಒಂಬತ್ತು ತುಂಡು

ನಮ್ಮ ಗೋದಾಮಿಗೆ ಬರುವ ಹಳೆಯ ಅರಿವಿಯನ್ನು, ಅಂದರೆ ಬಟ್ಟೆಯನ್ನು, ಮೊದಲು ಮೂಸಿ ನೋಡಬೇಕು, ಆಮೇಲೆ ಮುಟ್ಟಬೇಕು. ಇದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಎಣ್ಣೆ ಕುಡಿದ ಅರಿವಿ ಬೇರೆ, ಮುಗ್ಗಲು ಹಿಡಿದದ್ದು ಬೇರೆ, ರೇಷ್ಮೆ ಬೆರೆತದ್ದು ಬೇರೆ. ಗುಂಡಿ ಕತ್ತರಿಸಬೇಕು, ಹೊಲಿಗೆ ಬಿಚ್ಚಬೇಕು, ಸೀರೆಯ ದಡಿ ಹರಿದು ತೆಗೆಯಬೇಕು. ಬಿಳಿಯದನ್ನು ಎಡಕ್ಕೆ, ಬಣ್ಣದ್ದನ್ನು ಬಲಕ್ಕೆ ಎಸೆಯಬೇಕು. ಗಂಡ ತೀರಿಕೊಂಡು ನಾನು ವಿಜಾಪುರದ ತವರಿಗೆ ಮರಳಿದ ಮೇಲೆ ಅಪ್ಪ ಹೆಚ್ಚು ದಿನ ತಡೆಯದೆ ನನ್ನನ್ನು ಆ ರಾಶಿಯ ಮುಂದೆ ಕೂರಿಸಿದ. ನನಗಾಗ ಹತ್ತೊಂಬತ್ತು ವರ್ಷ. "ಮನಿಯಾಗ ಗ್ವಾಡಿ ನೋಡ್ಕೋತ ಕೂತ್ರ ತಲಿ ಕೆಡತೈತಿ. ಇಲ್ಲಿ ಕೂತು ಅರಿವಿ ಆರಿಸು," ಅಂದ. ಆರಿಸಿದೆ. ಗೋಡೆಯಾದರೇನು, ಅರಿವಿಯಾದರೇನು, ನನಗೆ ಎರಡೂ ಒಂದೇ ಆಗಿತ್ತು.

ಯುದ್ಧದ ಕಾಲ ಅದು. ಹೊಸ ಅರಿವಿ ಕಂಟ್ರೋಲಿಗೆ ಬಿದ್ದಿತ್ತು. ಕಾರ್ಡು ಹಿಡಿದು ಅರ್ಧ ದಿನ ಸಾಲಿನಲ್ಲಿ ನಿಂತರೆ ಗೋಣಿಯಂಥ ಒಂದು ತುಂಡು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಪ್ಪನದು ಮೊದಲಿನಿಂದಲೂ ಹಳೆ ಅರಿವಿಯ ವ್ಯಾಪಾರ. ಹಳ್ಳಿಗಳಿಗೆ ಚಕ್ಕಡಿ ಗಾಡಿ ಕಳಿಸಿ, ಭಾಂಡೆ ಪಾತ್ರೆ ಕೊಟ್ಟು, ಹಳೆಯ ಧೋತರ, ಸೀರೆ, ಅಂಗಿ ತರಿಸುತ್ತಿದ್ದ. ಈಗ ಗಾಂಧಿ ಚೌಕ ಅನ್ನುತ್ತಾರಲ್ಲ, ಆ ಕಡೆ ನಮ್ಮ ಅಂಗಡಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ, ಮನೆಗೆ ಅಂಟಿಕೊಂಡೇ ಗೋದಾಮು.

ಒಂದು ದಿನ ತಿಕೋಟಾದಿಂದ ಪಿಂಜಾರ ಕಾಕಾ ಬಂದು ಅಪ್ಪನ ಎದುರು ಕೂತ. ಬಿಲ್ಲಿನ ತಂತಿಯಿಂದ ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಮನೆತನದ ಕಸುಬು. ಹತ್ತಿಯೆಲ್ಲ ಮಿಲಿಟರಿಯ ಕೆಲಸಕ್ಕೆ ಹೋಗಿ, ಅವನ ಕೈ ಖಾಲಿಯಾಗಿತ್ತು. "ಬಿಲ್ಲು ಗ್ವಾಡಿಗೆ ತೂಗುಹಾಕೀನ್ರಿ. ನಿಮ್ಮ ಅರಿವೀನ ಹಿಂಜಿ ನೋಡ್ಲೇನು?" ಅಂದ. ಹಿಂಜಿದ. ನೇಯ್ದ ಅರಿವಿ ಬಿಲ್ಲಿಗೆ ಬಗ್ಗುತ್ತದೆಯೇ? ಎರಡನೆಯ ಏಟಿಗೆ ಬಿಲ್ಲಿನ ತಂತಿ ಹರಿದು ಅವನ ಗಡ್ಡಕ್ಕೇ ಬಡಿಯಿತು. ಅಪ್ಪ ನಕ್ಕು ನಕ್ಕು ಕೆಮ್ಮಿದ. ಕಾಕಾನೂ ಗಡ್ಡ ತಿಕ್ಕಿಕೊಳ್ಳುತ್ತ ನಕ್ಕ. ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ಇಬ್ಬರೂ ನೋಡಿದರು, ನಾನು ನಗುತ್ತೇನೇನೋ ಅಂತ. ನಾನು ಗುಂಡಿ ಕತ್ತರಿಸುತ್ತಿದ್ದೆ.

ಇಬ್ಬರೂ ಅಷ್ಟಕ್ಕೆ ಬಿಡುವವರಲ್ಲ. ಸೊಲ್ಲಾಪುರದ ಒಂದು ಗಿರಣಿಯಲ್ಲಿ ಹಳೆ ಅರಿವಿಯನ್ನು ಹಲ್ಲಿನ ಉರುಳಿಗೆ ಕೊಟ್ಟು ಮತ್ತೆ ಎಳೆ ಎಳೆ ಮಾಡುವ ಯಂತ್ರವಿದೆ ಎಂದು ಯಾರೋ ಹೇಳಿದ್ದೇ ತಡ, ರೈಲು ಹತ್ತಿ ಹೋದರು. ಗಿರಣಿಯವರ ಹತ್ತಿರ ಯಂತ್ರವಿತ್ತು, ಅದಕ್ಕೆ ತಿನ್ನಿಸಲು ಅರಿವಿ ಇರಲಿಲ್ಲ. ಅಪ್ಪನ ಹತ್ತಿರ ಅರಿವಿಯ ರಾಶಿ, ಯಂತ್ರವಿಲ್ಲ. ಕಾಕಾನ ಹತ್ತಿರ ಕಸುಬು ಬಲ್ಲ ಕೈ, ಹಿಂಜಲು ಏನೂ ಇಲ್ಲ. ಮೂವರೂ ಕೂಡಿ ಕರಾರು ಮಾಡಿಕೊಂಡರು. ನಾವು ಆರಿಸಿ ಕಟ್ಟಿದ ಗಂಟು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗುವುದು. ಬಿಳಿಯ ಎಳೆ ಗಿರಣಿಯವರಿಗೆ. ಅದರಿಂದ ದಪ್ಪ ನೂಲು ತೆಗೆದು ಅವರು ಚಾದರ ನೇಯುತ್ತಾರೆ. ಬಣ್ಣದ ಎಳೆ ತಿರುಗಿ ನಮಗೆ. ಅದಕ್ಕೆ ಕಾಕಾ ಹಿಡಿಯಷ್ಟು ಹೊಸ ಹತ್ತಿ ಬೆರೆಸಿ, ಹಿಂಜಿ, ಗಾದಿ ತುಂಬುತ್ತಾನೆ. ಊರಲ್ಲಿ ಕೆಲವರು ನಕ್ಕರು, ಚಿಂದಿಗೂ ಇಷ್ಟು ದೊಡ್ಡ ದರ್ಬಾರೇ ಅಂತ. ಆರು ತಿಂಗಳಾಗುವುದರೊಳಗೆ ನಕ್ಕವರೇ ಮಗಳ ಮದುವೆಗೆ ಗಾದಿ ಬೇಕೆಂದು ಬಾಗಿಲಲ್ಲಿ ನಿಂತರು.

ಕರಾರಿನ ದಿನ ಒಂದೇ ಮಾತಿಗೆ ತಕರಾರು ಬಂದಿತ್ತು. ಗಿರಣಿಯ ಏಜೆಂಟರು ನಮ್ಮ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅಪ್ಪ ಅಂದ: "ಎಲ್ಲಾ ಅರಿವಿ ತೊಗೋತೀವ್ರಿ. ಸತ್ತವರ ಮೈಮ್ಯಾಲಿಂದು ಮಾತ್ರ ಒಲ್ಲೆವು." ಕಾಕಾನೂ ಹೌದೆಂದು ತಲೆಯಾಡಿಸಿದ. ಏಜೆಂಟರಿಗೆ ಅಚ್ಚರಿ. "ಅರಿವಿಗೆ ಅಂಥಾ ಗುರ್ತು ಇರತೈತೇನ್ರಿ? ನಮ್ಮ ಯಂತ್ರಕ್ಕಂತೂ ತಿಳಿಯಂಗಿಲ್ಲ," ಅಂದರು. ಅಪ್ಪ ಪಟ್ಟು ಬಿಡದೆ ಚಕ್ಕಡಿಯವರಿಗೆ ತಾಕೀತು ಮಾಡಿದ, ಪ್ರತಿ ಮನೆಯಲ್ಲೂ ಕೇಳಿಯೇ ಅರಿವಿ ತರಬೇಕೆಂದು. ಅವರು ಕೇಳುತ್ತಿದ್ದರು. ಭಾಂಡೆ ಎದುರಿಗೆ ಫಳಫಳ ಹೊಳೆಯುವಾಗ ಯಾರು ನಿಜ ಹೇಳುತ್ತಾರೆ? "ಎಲ್ಲಾರೂ ಆರಾಮ ಅದಾರ್ರಿ, ಇದು ನಮ್ಮ ಹಿರೇ ಮಗಂದು," ಅನ್ನುತ್ತಿದ್ದರು. ಹಾಗಾಗಿ ನನ್ನ ಮುಂದಿನ ರಾಶಿಯಲ್ಲಿ ಯಾರದು ಏನು ಎಂದು ದೇವರಿಗೇ ಗೊತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನನ್ನ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು. ಅವಳು ಎರಡು ಸಲ ಹಡೆದಿದ್ದಳು. ಮೊದಲನೆಯದು ಹನ್ನೊಂದು ದಿನ ಇತ್ತು, ಎರಡನೆಯದು ಮೂರು ತಿಂಗಳು. ಈಗ ಮೂರನೆಯ ಸಲ ಬಸುರಿ. ಅವ್ವ ತೀರಿಹೋಗಿದ್ದರಿಂದ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ; ಅಕ್ಕ ಗಂಡನ ಮನೆಯಲ್ಲೇ ಹಡೆಯಬೇಕಿತ್ತು. ಏಳು ತಿಂಗಳಾದಾಗ ನಾನು ನೋಡಲು ಹೋದೆ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಕಾಲು ಬಾತಿದ್ದವು. ಅತ್ತೆ ಒಳಗೆ ಹೋದದ್ದೇ ನನ್ನ ಕೈ ಹಿಡಿದುಕೊಂಡಳು.

"ಈ ಕೂಸು ಉಳೀಬೇಕಂದ್ರ ಬೇಡಿದ ಅರಿವೀಲೆ ಕುಂಚಿಗಿ ಹೊಲದು ಹಾಕ್ಬೇಕಂತ," ಅಂದಳು. ಕುಂಚಿಗಿ ಅಂದರೆ ಎಳೆ ಕೂಸಿನ ತಲೆ, ಬೆನ್ನು ಮುಚ್ಚುವ ಟೊಪ್ಪಿಗೆ. "ಒಂಬತ್ತು ಮನಿಯಿಂದ ಒಂಬತ್ತು ತುಂಡು. ಆ ಮನ್ಯಾಗ ಅಜ್ಜ ಅಜ್ಜಿ ಇರಬೇಕು, ಮೊಮ್ಮಕ್ಕಳು ಇರಬೇಕು. ಕೊಂಡು ತರಬಾರದು, ಸೆರಗು ಒಡ್ಡಿ ಬೇಡಬೇಕು. ತವರಿನವರ ಬೇಡಬೇಕು."

ಆ ರೂಢಿ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಉಳಿಯದ ಮಕ್ಕಳ ತಾಯಿಗೆ ಊರೆಲ್ಲ ಒಂದೊಂದು ತುಂಡು ಕೊಟ್ಟು ಕೂಸನ್ನು ತನ್ನದು ಮಾಡಿಕೊಳ್ಳುವುದು. ಕೂಸಿಗೆ ವರ್ಷ ತುಂಬಿದ ಮೇಲೆ ತಾಯಿ ಆ ಒಂಬತ್ತೂ ಮನೆಗೆ ಹೋಗಿ ಮನೆಯ ಮುತ್ತೈದೆಯರ ಸೆರಗಿಗೆ ಧಾನ್ಯ, ಕೊಬ್ಬರಿ ಸುರಿದು ಉಡಿ ತುಂಬಿ ಬರಬೇಕು.

"ನಾ ಬೇಡಿದ್ರ ಕೊಡ್ತಾರೇನ, ಯಕ್ಕಾ?" ಅಂದೆ.

"ಯಾಕ ಕೊಡಂಗಿಲ್ಲ? ನೀ ಏನ್ ಪಟ್ಟೇದ ಸೀರಿ ಕೇಳ್ತೀಯೇನು? ಹರಕ ಕೇಳ್ತಿ. ತಿಕೋಟಾದ ದೊಡ್ಡ ಮನಿ ಅಜ್ಜಿ ಅದಾಳಲ್ಲ, ಹಡದದ್ದೆಲ್ಲಾ ಉಳದಾವ ಆಕಿಗೆ. ಆಕಿ ಮನಿದು ಒಂದು ತುಂಡು ಇರಾಕಬೇಕು, ಮರೀಬ್ಯಾಡ."

ಅವಳು ನನ್ನ ಮುಖ ನೋಡಿಯೇ ಮಾತಾಡುತ್ತಿದ್ದಳು. ಕುಂಕುಮವಿಲ್ಲದ ಹಣೆ ಅವಳ ಕಣ್ಣಿಗೆ ಬೀಳಲೇ ಇಲ್ಲ. ಊರಿಗೆಲ್ಲ ನಾನು ಗಂಡ ಸತ್ತವಳು. ಅಕ್ಕನಿಗೆ ನಾನು ಇನ್ನೂ ತಂಗಿ, ಅಷ್ಟೇ. ಅದೇ ಅವಳು ಮಾಡಿದ ತಪ್ಪು. ಮುತ್ತೈದೆಯೊಬ್ಬಳನ್ನು ಕಳಿಸು ಎಂದು ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಆಯಿತು ಅಂದೆ.

ವಿಜಾಪುರದಲ್ಲಿ ನಮ್ಮ ಓಣಿಯಿಂದಲೇ ಶುರು ಮಾಡಿದೆ. ಮೊದಲ ಮನೆಯಾಕೆ ನಕ್ಕಳು. "ಹಳೇ ಅರಿವಿ ಎಲ್ಲೈತಬೇ? ಇದ್ದದ್ದೆಲ್ಲಾ ನಿಮ್ಮಪ್ಪನ ಗೋದಾಮಿಗೇ ಹಾಕೀವಲ್ಲ. ಕೂಸಿನ ಅಂಡಿ ಒರಸಾಕೂ ಒಂದು ತುಂಡು ಉಳದಿಲ್ಲ." ಅದು ಸುಳ್ಳಲ್ಲ. ನಮ್ಮ ಮೂವರ ಕರಾರು ಊರಿನ ಹಳೆ ಪೆಟ್ಟಿಗೆಗಳನ್ನೆಲ್ಲ ಬರಿದು ಮಾಡಿತ್ತು. ಎರಡನೆಯ ಮನೆಯಲ್ಲಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, ಅರಿವಿಯ ಮಾತೇ ಎತ್ತದೆ ಕಳಿಸಿದರು.

ಮುಂದಿನ ವಾರ ಕಾಕಾನ ಚಕ್ಕಡಿಯಲ್ಲಿ ತಿಕೋಟಾಕ್ಕೆ ಹೋಗಿ ದೊಡ್ಡ ಮನೆಯ ಅಜ್ಜಿಯ ಮುಂದೆ ಸೆರಗು ಒಡ್ಡಿದೆ. ಅಂಗಳದ ತುಂಬ ಮೊಮ್ಮಕ್ಕಳು. ಅಜ್ಜಿ ಒಳಗೆ ಹೋಗಿ ಮೆತ್ತಗಿನ ಹಳೆ ಧೋತರದ ತುಂಡೊಂದನ್ನು ತಂದಳು. ಹೊಸ್ತಿಲ ಹತ್ತಿರ ಬೆಳಕಿಗೆ ಬಂದು ನನ್ನನ್ನು ನೋಡಿದಳು. ತುಂಡು ಅವಳ ಕೈಯಲ್ಲೇ ಉಳಿಯಿತು. ಕೆಟ್ಟ ಮಾತು ಒಂದೂ ಆಡಲಿಲ್ಲ. "ನಿಮ್ಮ ಮನ್ಯಾಗ ಬ್ಯಾರೆ ಯಾರೂ ಇಲ್ಲೇನವ್ವಾ?" ಅಂದಳು. ಇಲ್ಲ ಅಂದೆ. "ನೋಡೂಣು," ಅಂದು ಒಳಗೆ ಹೋದಳು. ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಸೆರಗು ಹೊದ್ದುಕೊಂಡು ಬಂದೆ.

ಅವಮಾನವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಾಲು ಜೋಮು ಹಿಡಿದಾಗ ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲವಲ್ಲ, ಹಾಗಿತ್ತು. ಚಕ್ಕಡಿಯಲ್ಲಿ ಕಾಕಾ ಏನೇನೋ ಮಾತಾಡುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಕೂತು ರಾಶಿಯಿಂದ ಒಂಬತ್ತು ತುಂಡು ಆರಿಸಿದೆ. ಮೆತ್ತಗಿನವು, ಒಂದೊಂದು ಬಣ್ಣದವು. ಇಳಕಲ್ ಸೀರೆಯ ಕೆಂಪು ಸೆರಗಿನದೊಂದು, ಬಿಳಿ ಧೋತರದ್ದೊಂದು, ನೀಲಿ ಗೆರೆಯ ಅಂಗಿಯದೊಂದು. ಹಾಗೆ ಒಂಬತ್ತು. ಮೂಸಿ ನೋಡಿದೆ, ಬಿಸಿನೀರಿನಲ್ಲಿ ಕುದಿಸಿದೆ. ತೊಟ್ಟವರು ಇದ್ದಾರೋ ಸತ್ತಿದ್ದಾರೋ ಕುದಿಸಿದರೆ ಹೋಗುವ ವಿಷಯವಲ್ಲ. ಒಣಗಿಸಿ ಮಡಚುವಾಗ ಕಾಕಾ ಬಾಗಿಲಲ್ಲಿ ನಿಂತದ್ದು ಕಂಡಿತು. ನನ್ನನ್ನು ತಿಕೋಟಾಕ್ಕೆ ಕರೆದೊಯ್ದು ಬರಿಗೈಯಲ್ಲಿ ಕರೆತಂದವನು ಅವನೇ. ಅವನಿಗೆ ಹೇಳಿ ತಿಳಿಸುವುದು ಏನೂ ಇರಲಿಲ್ಲ.

"ಅಪ್ಪಗ ಹೇಳಬ್ಯಾಡ್ರಿ, ಕಾಕಾ," ಅಂದೆ.

ಕಾಕಾ ಗಂಟಿನ ಮೇಲೆ ಕೂತು ಬೀಡಿ ಹುಡುಕಿದ, ಗೋದಾಮಿನಲ್ಲಿ ಬೀಡಿ ಸೇದಬಾರದೆಂದು ನೆನಪಾಗಿ ಮತ್ತೆ ಕಿಸೆಗೆ ಇಟ್ಟ. "ನಾ ತುಂಬಿದ ಗಾದ್ಯಾಗ ಯಾರ ಅರಿವಿ ಐತಿ ಅಂತ ಇಲ್ಲಿತನಕ ಯಾರೂ ಕೇಳಿಲ್ಲ, ಬೇಟಿ. ಮಲಗ್ತಾರ, ಏಳ್ತಾರ. ಮಕ್ಕಳು ಹುಟ್ತಾವ," ಅಂದ. "ಆದ್ರ ನಿಮ್ಮಕ್ಕಗ ಹೇಳು. ಮುಚ್ಚಿಡೂದು ಚಲೋ ಅಲ್ಲ."

ಹೇಳಲಿಲ್ಲ. ಕುಂಚಿಗೆ ಹೊಲಿದೆ, ಚಂದವೇ ಆಯಿತು. ಅಕ್ಕನಿಗೆ ಗಂಡು ಹುಟ್ಟಿದ ಸುದ್ದಿ ಬಂದಾಗ ಬಬಲೇಶ್ವರಕ್ಕೆ ಒಯ್ದು ಕೊಟ್ಟೆ. ಅಕ್ಕ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, "ಇದು ತಿಕೋಟಾದ ಅಜ್ಜೀದೇನು?" ಎಂದು ಬಿಳಿಯದನ್ನು ತೋರಿಸಿದಳು. "ಹೂಂ," ಅಂದೆ. ಅಷ್ಟು ಸಲೀಸಾಗಿ ಬಂತು ಆ ಹೂಂ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಕೂಸಿನ ತಲೆಗೆ ಕಟ್ಟಿದಳು.

ಆ ವರ್ಷ ನಾನು ಕೂಸಿಗೆ ಹೆದರಿ ಬದುಕಿದೆ. ಅದು ಸತ್ತರೆ ಕೊಂದವಳು ನಾನು. ಬಬಲೇಶ್ವರದ ಕಡೆಯ ಚಕ್ಕಡಿ ಓಣಿಗೆ ಬಂದರೆ ಕೈಯಲ್ಲಿದ್ದ ಕತ್ತರಿ ನಿಲ್ಲುತ್ತಿತ್ತು. ಸುದ್ದಿಯೇನೂ ಇಲ್ಲ ಎಂದು ತಿಳಿದ ಮೇಲೆ ಮತ್ತೆ ಕತ್ತರಿಸುತ್ತಿದ್ದೆ. ಉಳಿದಂತೆ ಹೆದರಿಕೆಯೂ ಇಲ್ಲ, ದುಃಖವೂ ಇಲ್ಲ. ಉಂಡೆ, ಮಲಗಿದೆ, ಅರಿವಿ ಆರಿಸಿದೆ. ಸೊಲ್ಲಾಪುರಕ್ಕೆ ಗಂಟು ಹೋದವು, ಎಳೆಯ ಮೂಟೆ ಬಂದವು. ಕೆಂಪು, ಹಸಿರು, ಕಪ್ಪು ಎಲ್ಲ ಕೂಡಿ ಬೂದಿಯ ಬಣ್ಣವಾಗಿರುತ್ತಿದ್ದವು.

ಕೂಸಿಗೆ ಏಳು ತಿಂಗಳಾದಾಗ ಜ್ವರ ಬಂತು. ಅಕ್ಕ ಹೇಳಿಕಳಿಸಿದಳು. ಹೋಗಿ ನೋಡಿದರೆ ಕೂಸು ಕೆಂಡದಂತೆ ಸುಡುತ್ತಿತ್ತು, ತಲೆಗೆ ಆ ಕುಂಚಿಗೆ. ನಾಲ್ಕು ದಿನ ಅಲ್ಲೇ ಕೂತೆ. "ತಲಿಗೆ ಗಾಳಿ ಆಡ್ಲಿ, ಕುಂಚಿಗಿ ತಗಿ," ಅಂದೆ. ಅಕ್ಕ ಒಪ್ಪಲಿಲ್ಲ. "ಅದ ಈ ಕೂಸನ್ನ ಹಿಡದಿಟ್ಟೈತಿ. ಒಂಬತ್ತು ಮನಿ ಆಶೀರ್ವಾದ ಐತಿ ಅದರಾಗ," ಅಂದಳು. ಆಗ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದ್ದರೆ ಅವಳ ಧೈರ್ಯವೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಒದ್ದೆ ಬಟ್ಟೆ ಹಿಂಡಿ ಕೂಸಿನ ಪಾದಕ್ಕೆ ಇಟ್ಟೆ. ಐದನೆಯ ದಿನ ಜ್ವರ ಇಳಿಯಿತು. ಕೂಸು ನನ್ನ ಮೂಗು ಹಿಡಿದು ಎಳೆಯಿತು. ಅಕ್ಕ ಅತ್ತಳು, ಅವಳ ಅತ್ತೆ ಅತ್ತಳು. ನಾನು ಒದ್ದೆ ಬಟ್ಟೆ ಒಣಗಲು ಹಾಕಿದೆ.

ವರ್ಷ ತುಂಬಿತು. ಯುದ್ಧವೂ ಮುಗಿಯಿತು. ಹೊಸ ಹತ್ತಿ ಸಿಗುತ್ತದೆಂದು ಕಾಕಾ ಹಿಗ್ಗಿದ. ಗಿರಣಿಯವರು ಮುಂದೆ ಹಳೆ ಅರಿವಿ ಕೊಳ್ಳುತ್ತಾರೋ ಇಲ್ಲವೋ ಎಂದು ಅಪ್ಪ ಯೋಚನೆಗೆ ಬಿದ್ದ. ನನ್ನ ಯೋಚನೆ ಒಂದೇ. ಅಕ್ಕ ಒಂಬತ್ತು ಮನೆಗೆ ಉಡಿ ತುಂಬಲು ಹೊರಟಿದ್ದಳು, ಮನೆ ತೋರಿಸಲು ನಾನು ಜೊತೆಗೆ ಬೇಕಿತ್ತು; ಹಿಂದಿನ ದಿನವೇ ಅವಳ ಮನೆಗೆ ಹೋಗಿದ್ದೆ. ಬಬಲೇಶ್ವರದಲ್ಲಿ ನಸುಕಿನಲ್ಲೇ ಚಕ್ಕಡಿ ಕಟ್ಟಿದರು. ಅಕ್ಕಿ ಸಿಗದಿದ್ದರಿಂದ ಒಂದು ದೊಡ್ಡ ಬುಟ್ಟಿಯಲ್ಲಿ ಗೋಧಿ. ಅದರ ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಅರಿಶಿನದ ಕೊಂಬು. ಒಂಬತ್ತು ಮನೆಯ ಪಾಲು. ಅಕ್ಕ ಹಸಿರು ಸೀರೆ ಉಟ್ಟು ಕೂಸನ್ನು ಎತ್ತಿಕೊಂಡು ಹತ್ತಿದಳು. "ಮೊದ್ಲ ತಿಕೋಟಾ. ಆಮ್ಯಾಲ ವಿಜಾಪುರದ ಮನಿಗೋಳು," ಅಂದಳು. ದಾರಿಯಲ್ಲಾದರೂ ಹೇಳಿಬಿಡಬೇಕೆಂದುಕೊಂಡೆ. ಮೂರು ತಾಸಿನ ದಾರಿ. ಹೇಳಲಿಲ್ಲ.

ತಿಕೋಟಾದ ಅಜ್ಜಿ ಇನ್ನೂ ಗಟ್ಟಿಯಿದ್ದಳು. ಅಕ್ಕ ಕಾಲು ಮುಟ್ಟಿ, ಕೂಸನ್ನು ಅವಳ ಮುಂದೆ ಕೂರಿಸಿ, "ನೀವು ಕೊಟ್ಟ ಅರಿವೀಲೆ ಉಳದಾನ್ರಿ. ಉಡಿ ಒಡ್ಡ್ರಿ," ಅಂದಳು. ಅಜ್ಜಿ ಕೂಸಿನ ಗಲ್ಲ ಸವರಿದಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದಳು. ಪಾಪ, ಅವಳು ಸುಳ್ಳು ಹೇಳುವ ಹೆಂಗಸಲ್ಲ.

"ನಮ್ಮ ಮನಿ ಅರಿವಿ ಅಲ್ಲವ್ವಾ ಅದು. ನಿನ್ನ ತಂಗಿ ಬಂದು ಕೇಳಿದ್ಲು, ಖರೆ. ಕೊಡಾಕ ನನ್ನ ಕೈ ಬರಲಿಲ್ಲ. ಗಂಡ ಇಲ್ಲದಾಕಿ ಸೆರಗಿನ್ಯಾಗ ಕೂಸಿನ ಅರಿವಿ ಹ್ಯಾಂಗ ಹಾಕ್ಲಿ? ಇಲ್ಲದ್ದು ಹೇಳಿ ನಾ ಉಡಿ ತುಂಬಿಸ್ಕೊಳ್ಳಾಕ ಒಲ್ಲೆ."

ಅಕ್ಕ ಹಿಂತಿರುಗಿ ನನ್ನನ್ನು ನೋಡಿದಳು. ಹಣೆಯನ್ನು ನೋಡಿದಳು. ಅದು ಮೊದಲ ಸಲ. ಅಜ್ಜಿಗೆ ಮತ್ತೊಮ್ಮೆ ಕೈಮುಗಿದು, ಕೂಸನ್ನು ಎತ್ತಿಕೊಂಡು, ಚಕ್ಕಡಿ ಹತ್ತಿದಳು. ವಿಜಾಪುರದ ದಾರಿ ಹಿಡಿದೆವು. ಊರು ದಾಟಿ ಬಹಳ ದೂರ ಬಂದ ಮೇಲೆ ಕೇಳಿದಳು.

"ಉಳದ ಎಂಟು ಮನಿ?"

"ಯಾರೂ ಕೊಟ್ಟಿಲ್ಲ. ಎಲ್ಲಾ ನಮ್ಮ ಗೋದಾಮಿಂದು."

"ಸತ್ತವರದೂ ಇರಬಹುದೇನು?"

"ಇರಬಹುದು."

ಅವಳು ಕೂಸನ್ನು ನನ್ನ ಪಕ್ಕದಿಂದ ಎತ್ತಿ ತನ್ನ ಆ ಕಡೆಗೆ ಕೂರಿಸಿಕೊಂಡಳು. ಅದು ಸರಿ ಅಂತಲೇ ನನಗೆ ಅನಿಸಿತು. ಒಂದು ವರ್ಷದಿಂದ ನಾನು ಕಾಯುತ್ತಿದ್ದದ್ದು ಅದನ್ನೇ. ಇಷ್ಟೇ ಆಗಿ ಮುಗಿದರೆ ಸಾಕು, ಮನೆಗೆ ಹೋಗಿ ರಾಶಿಯ ಮುಂದೆ ಕೂತರೆ ಆಯಿತು ಅಂದುಕೊಂಡೆ. ಕೂಸು ಬುಟ್ಟಿಯೊಳಗಿನ ಬೆಲ್ಲಕ್ಕೆ ಕೈ ಹಾಕಿತು. ಯಾರೂ ಬೇಡ ಅನ್ನಲಿಲ್ಲ.

"ಗಾಡಿ ನಿಂದರಸು," ಅಂದಳು ಅಕ್ಕ ಒಮ್ಮೆಲೇ. ಗಾಡಿ ಹೊಡೆಯುವವನು ಎತ್ತು ನಿಲ್ಲಿಸಿದ. ಎರಡೂ ಬದಿಗೆ ಜೋಳದ ಹೊಲ, ಯಾರೂ ಇಲ್ಲ. ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖ ಸಿಟ್ಟಿನಿಂದ ಊದಿಕೊಂಡಿತ್ತು.

"ಸೆರಗ ಒಡ್ಡು."

"ಯಕ್ಕಾ, ನನಗ ಉಡಿ ತುಂಬಬಾರದು."

"ಒಡ್ಡು ಅಂದ್ರ ಒಡ್ಡು. ಮಂದಿ ಕೊಡ್ಲಿಲ್ಲ ಅಂತ ನನ್ನ ಮುಂದ ಅಳಬೇಕಿತ್ತಲ್ಲೇ ನೀ. ಸುಳ್ಳ ಯಾಕ ಹೇಳಿದಿ? ನಿನ್ನ ಕೂಡ ನಾ ಮಾತಾಡಂಗಿಲ್ಲ. ಆದ್ರ ನನ್ನ ಮಗಗ ಅರಿವಿ ಕೊಟ್ಟಾಕಿ ನೀ ಒಬ್ಬಾಕಿ. ಅರಿವಿ ಕೊಟ್ಟ ಮನಿಗೆ ಉಡಿ ತುಂಬೂದು ಐತಿ, ನಾ ತುಂಬ್ತೀನಿ."

ಗಾಡಿಯವನು ಎತ್ತುಗಳ ಕಡೆ ಮುಖ ಮಾಡಿ ಕೂತ. ಅಕ್ಕ ಬೊಗಸೆ ಬೊಗಸೆ ಗೋಧಿ ಸುರಿದಳು. ಒಂದು ಮನೆಯ ಪಾಲು ಹಾಕಿ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ. ಒಂಬತ್ತೂ ಮನೆಯ ಗೋಧಿ, ಒಂಬತ್ತೂ ಮನೆಯ ಕೊಬ್ಬರಿ, ಉತ್ತತ್ತಿ, ಕೂಸು ನೆಕ್ಕಿದ ಬೆಲ್ಲ, ಅರಿಶಿನದ ಕೊಂಬು. ಎರಡೂ ಕೈಯಲ್ಲಿ ಸೆರಗು ಹಿಡಿದರೂ ತೊಡೆಯ ಮೇಲೆ ಭಾರ ತಡೆಯಲಾಗುತ್ತಿರಲಿಲ್ಲ. ಬುಟ್ಟಿ ಬರಿದಾದ ಮೇಲೆ ಅಕ್ಕ ಅದನ್ನು ಬೋರಲು ಹಾಕಿ, ಕೂಸನ್ನು ತಂದು ನನ್ನ ಪಕ್ಕಕ್ಕೆ ದಪ್ಪನೆ ಕೂರಿಸಿ, ಮುಖ ಆ ಕಡೆ ತಿರುಗಿಸಿಕೊಂಡಳು.

ಹೇಳಿದ ಮಾತಿಗೆ ತಪ್ಪಲಿಲ್ಲ ಅವಳು. ವಿಜಾಪುರ ಮುಟ್ಟುವ ತನಕ ಒಂದಕ್ಷರ ಆಡಲಿಲ್ಲ. ಅದಾದ ಮೇಲೂ ಎರಡು ತಿಂಗಳು ಮಾತು ಬಿಟ್ಟಳು. ನಮ್ಮ ಓಣಿ ಹತ್ತಿರ ಬಂದಾಗ ನಾನು ಉಡಿಯನ್ನು ಬುಟ್ಟಿಗೆ ಸುರಿಯಲು ಹೋದೆ. ಅಕ್ಕ ಬುಟ್ಟಿಯನ್ನು ಕಾಲಿನಿಂದ ಆಚೆಗೆ ನೂಕಿದಳು. ಹಾಗೆಯೇ ಇಳಿಯಬೇಕಾಯಿತು.

ನಡು ಹಗಲು. ಹೆಂಗಸರು ಬಾಗಿಲುಗಳಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ತುಂಬಿದ ಉಡಿ ಹೊತ್ತು ನಾನು ಚಕ್ಕಡಿಯಿಂದ ಇಳಿದದ್ದು ನೋಡಿ ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ನನಗೆ ಅರಿವಿ ಇಲ್ಲ ಅಂದಿದ್ದಾಕೆಯೂ ಇದ್ದಳು, ಚಹಾ ಕೊಟ್ಟು ಕಳಿಸಿದಾಕೆಯೂ ಇದ್ದಳು. ಅಪ್ಪ ಗೋದಾಮಿನ ಬಾಗಿಲಿಗೆ ಬಂದು ನನ್ನನ್ನೂ ಅಕ್ಕನನ್ನೂ ನೋಡಿ, ದಾರಿ ಬಿಟ್ಟು ನಿಂತ. ನನಗೆ ನಾಚಿಕೆಯಾಯಿತು. ಮುಖವೆಲ್ಲ ಬಿಸಿಯಾಗುವಷ್ಟು ನಾಚಿಕೆ. ಅದರ ಹಿಂದೆಯೇ ಆ ಹೆಂಗಸರ ಮೇಲೆ, ಅಜ್ಜಿಯ ಮೇಲೆ, ಗೋದಾಮಿನ ಮೇಲೆ, ಇಷ್ಟು ಬೇಗ ಸತ್ತ ಗಂಡನ ಮೇಲೆ ಸಿಟ್ಟು ಬಂತು. ಎರಡು ವರ್ಷದ ಸಿಟ್ಟು, ಒಂದೇ ಸಲಕ್ಕೆ. ಹಸಿವೂ ಆಗಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಒಂದು ಕೈಯಲ್ಲಿ ಸೆರಗು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದರಿಂದ ಉಡಿಯೊಳಗಿನ ಉತ್ತತ್ತಿಯೊಂದನ್ನು ತೆಗೆದು, ಅವರೆಲ್ಲರ ಮುಂದೆ ಬಾಯಿಗೆ ಹಾಕಿಕೊಂಡು ಅಗಿದೆ.